ಹೊಡೆತವೂ ಕಥೆಯೂ

ದೂರದರ್ಶನದ ಕಾಳಗಗಳನ್ನು ನೋಡುವುದರಿಂದ ಕಥೆ ಬರೆಯುವವನಿಗೆ ಪ್ರಯೋಜನವುಂಟೆ? ಇಲ್ಲವೆಂದೇ ಬಹುಕಾಲ ನಂಬಿದ್ದೆನು. ಆ ನಂಬಿಕೆಯು ಪೂರ್ಣವಾಗಿ ಸರಿಯಲ್ಲವೆಂದು ಈಗ ತೋರುತ್ತದೆ.

ಜನರಿಗೆ ಹೋರಾಟದ ನೋಟದಲ್ಲಿ ಆಸಕ್ತಿಯಿರುವುದು ಹೊಸತಲ್ಲ. 1884ರಲ್ಲಿ ನಮ್ಮ ಗುಬ್ಬಿಯಲ್ಲಿ ಹುಟ್ಟಿದ ನಾಟಕ ಮಂಡಳಿಯು, ವೀರಣ್ಣನವರ ಕಾಲದಲ್ಲಿ, 'ಕುರುಕ್ಷೇತ್ರ'ಕ್ಕಾಗಿ ನಿಜವಾದ ಆನೆ ಕುದುರೆಗಳನ್ನೇ ರಂಗಕ್ಕೆ ತಂದಿತು. 1988ರಲ್ಲಿ ಅದೇ ಭಾರತಕಥೆಯು ದೂರದರ್ಶನದ ಮೂಲಕ ಮನೆಮನೆಗೆ ಬಂದಿತು. ಇಂತಹ ದೃಶ್ಯಗಳಿಂದ ಕಥೆಗಾರನು ಕಲಿಯತಕ್ಕ ಪಾಠವೊಂದುಂಟು: ಮನುಷ್ಯನ ಸ್ವಭಾವವು ಅವನ ಕ್ರಿಯೆಯಲ್ಲಿ ಬೆಳಗಬೇಕು, ಬರಿಯ ವರ್ಣನೆಯಿಂದ ಕಥೆ ನಡೆಯದು.

ಆದರೆ ಹೊಡೆತವನ್ನು ಮಾತ್ರ ಕಲಿತವನು ಅರ್ಧವನ್ನೇ ಕಲಿತನು. ನೋಡುವವನು ಬಿದ್ದವನನ್ನು ಮರೆತರೂ ಮರೆಯಬಹುದು, ಬರೆಯುವವನು ಮರೆಯಲಾಗದು. ರನ್ನನ 'ಗದಾಯುದ್ಧ'ವನ್ನು ನೋಡಿರಿ. ಹೆಸರೇ ಯುದ್ಧದ್ದು, ಆದರೂ ಕವಿಯು ದುರ್ಯೋಧನನನ್ನು ಮೊದಲು ಹೆಣಗಳ ನಡುವೆ ನಡೆಯಿಸುತ್ತಾನೆ. ಅಲ್ಲಿ ಆತನು ದ್ರೋಣ ಕರ್ಣರಿಗಾಗಿ ಮರುಗುವುದಲ್ಲದೆ, ಶತ್ರುವಿನ ಮಗನಾದ ಅಭಿಮನ್ಯುವಿನ ಶೌರ್ಯವನ್ನೂ ಕೊಂಡಾಡುತ್ತಾನೆ. ಆದುದರಿಂದಲೇ ಕಡೆಗೆ ಬೀಳುವ ಗದೆಯ ಪೆಟ್ಟು ನಮ್ಮ ಎದೆಗೂ ತಗಲುತ್ತದೆ.

ನಾನು ಉಪಾಧ್ಯಾಯನಾಗಿದ್ದಾಗ, ಬಾಲಕನೊಬ್ಬನು ಹಿಂದಿನ ರಾತ್ರಿ ದೂರದರ್ಶನದಲ್ಲಿ ಕಂಡ ಕಾಳಗವನ್ನು ಕಥೆಯಾಗಿ ಬರೆದು ತಂದನು. ಕಾಲಹರಣವೆಂದು ಗದರಿಸಿ ಅವನ ಕಾಗದವನ್ನು ಹರಿದುಹಾಕಿದೆನು. ಅವನು ಮತ್ತೆಂದೂ ಕಥೆಯನ್ನು ತರಲಿಲ್ಲ. ಹರಿಯುವುದಕ್ಕೆ ಬದಲಾಗಿ ಒಂದೇ ಪ್ರಶ್ನೆಯನ್ನು ಕೇಳಬೇಕಾಗಿತ್ತು: "ಮಗು, ಇಲ್ಲಿ ಬಿದ್ದವನಿಗೆ ತಾಯಿಯಿದ್ದಳೆ?" ಆ ಪ್ರಶ್ನೆಯಿಂದ ಅವನ ಎರಡನೆಯ ಕಥೆಯು ಹುಟ್ಟುತ್ತಿತ್ತೋ ಏನೋ.