ಮನಸ್ಸಿಲ್ಲದೆ ಕಲಕಿದ ಸೂಪು

ವಿಜಯದಶಮಿಯ ರಾತ್ರಿ ನಮ್ಮ ಬನ್ನಿಮಂಟಪದ ಮೈದಾನದಲ್ಲಿ ಪಂಜಿನ ಕವಾಯತು ಮುಗಿದು ಜನ ಚದುರಿದರೆ, ಚಳಿಗಾಲ ಹತ್ತಿರ ಬಂತೆಂದೇ ಲೆಕ್ಕ. ಅದಾಗಿ ಒಂದೂವರೆ, ಎರಡು ತಿಂಗಳಿಗೆ ಆಗಮನ ಕಾಲ. ಪೂಜಾಪೀಠದ ಮೇಲೆ ನೇರಳೆ ವಸ್ತ್ರ, ಮಾರುಕಟ್ಟೆಯಲ್ಲಿ ಸೊಗಡಿನ ಅವರೆಕಾಯಿ. ಸಂಜೆಯಾದರೆ ಸ್ವೆಟರ್ ತೊಟ್ಟವರು ಫ್ಲಾಸ್ಕು, ಟಿಫಿನ್ ಕ್ಯಾರಿಯರ್ ಹಿಡಿದು ನಮ್ಮ ಬಡಾವಣೆಯ ಆಸ್ಪತ್ರೆಗಳ ಕಡೆಗೆ ಬಿರಬಿರನೆ ನಡೆಯುವುದು ಕಾಣುತ್ತದೆ. ಒಳಗೆ ಗಂಜಿಯೋ, ಸಾರೋ, ಸೂಪೋ ಇರಬೇಕು. ಅದನ್ನು ಮಾಡಿದವರ ಮನಸ್ಸಿನಲ್ಲಿ ಏನಿತ್ತು? ಪ್ರೀತಿಯೇ, ಬೇಸರವೇ, ಬರೀ ಕರ್ತವ್ಯವೇ? ಫ್ಲಾಸ್ಕಿನ ಹೊರಗೆ ನಿಂತು ನೋಡಿದವರಿಗೆ ಅದು ತಿಳಿಯದು. ಆದರೆ ಒಲೆಯ ಮುಂದೆ ನಿಂತವರಿಗೆ ಚೆನ್ನಾಗಿ ತಿಳಿದಿರುತ್ತದೆ.

ಪ್ರಿಯ ಓದುಗರೇ, ಇವತ್ತು ನಿಮ್ಮ ಮುಂದೆ ಇಡುವ ಪ್ರಶ್ನೆ ಇದೇ. ಮನಸ್ಸಿಲ್ಲದೆ ಮಾಡಿದ ಸೇವೆ ದೇವರ ಮುಂದೆ ಸೇವೆ ಎನಿಸುತ್ತದೆಯೇ? ಅಥವಾ ಅದು ಬರೀ ಬೂಟಾಟಿಕೆಯೇ? ಈ ಪ್ರಶ್ನೆಯನ್ನು ನಾನು ಪುಸ್ತಕದಿಂದ ಎತ್ತಿಕೊಂಡಿಲ್ಲ. ನಮ್ಮ ಮನೆಯ ಅಡಿಗೆಮನೆಯಲ್ಲಿ ಅದು ಎದುರಾಯಿತು.

ನಮ್ಮ ಅತ್ತೆಗೆ ಲಕ್ವ ಹೊಡೆದ ವರ್ಷದ ಚಳಿಗಾಲ. ಬಲಗೈ ಬಿದ್ದುಹೋಯಿತು, ಮಾತು ತೊದಲಿತು, ನುಂಗುವ ಶಕ್ತಿ ಕುಂದಿತು. ನೀರು ಕುಡಿಸಿದರೆ ಕೆಮ್ಮು ಬಂದು ಕಣ್ಣು ಮೇಲೆ ಹೋಗುತ್ತಿತ್ತು. ವೈದ್ಯರು ವಿವರಿಸಿದರು: ಇಂಥವರಿಗೆ ನೀರಿನಂತೆ ತೆಳುವಾದದ್ದು ಬೇಗ ಜಾರಿ ಶ್ವಾಸನಾಳಕ್ಕೆ ಇಳಿಯಬಹುದು, ಗಟ್ಟಿಯಾಗಿ, ನುಣ್ಣಗೆ, ಗಂಟಿಲ್ಲದೆ ಇರುವುದು ನಿಧಾನವಾಗಿ ಹೋಗುತ್ತದೆ. ನೆಟ್ಟಗೆ ಕೂರಿಸಬೇಕು. ಚಿಕ್ಕ ಚಮಚದಲ್ಲಿ ಕೊಡಬೇಕು. ನುಂಗಿದ್ದು ಖಚಿತವಾದ ಮೇಲೆಯೇ ಮುಂದಿನ ಚಮಚ. ಉಪ್ಪು ಕಡಿಮೆ ಇರಬೇಕು.

ಅತ್ತೆಗೆ ಬೇಕಾಗಿದ್ದದ್ದು ಹಿದುಕಿದ ಬೇಳೆ ಸಾರು. ತೊದಲು ಮಾತಿನಲ್ಲಿ 'ಅವರೆ, ಅವರೆ' ಎಂದು ಎರಡು ದಿನ ಕೇಳಿದರು. ಸಾರನ್ನು ಹಾಗೆಯೇ ಕೊಡುವಂತಿರಲಿಲ್ಲ. ಆದ್ದರಿಂದ ಅದನ್ನೇ ಸೂಪಿನ ಹದಕ್ಕೆ ತರಬೇಕಾಯಿತು. ಮಾಡಿದವರಿಗೆ ಗೊತ್ತು, ಇದು ಹತ್ತು ನಿಮಿಷದ ಕೆಲಸವಲ್ಲ. ಒಂದು ಕೆ.ಜಿ. ಕಾಯಿ ಸುಲಿದರೆ ಅರ್ಧ ಕೆ.ಜಿ. ಕಾಳೂ ಸಿಗದು. ಅದನ್ನು ರಾತ್ರಿ ನೀರಿನಲ್ಲಿ ನೆನೆಹಾಕಿ, ಬೆಳಿಗ್ಗೆ ಒಂದೊಂದೇ ಕಾಳನ್ನು ಬೆರಳಲ್ಲಿ ಹಿದುಕಿ ಸಿಪ್ಪೆ ತೆಗೆಯಬೇಕು. ಬೇಳೆಯ ಜೊತೆ ಒಂದು ಈರುಳ್ಳಿ, ಒಂದು ಸಣ್ಣ ಆಲೂಗಡ್ಡೆ, ಚೂರು ಶುಂಠಿ ಹಾಕಿ ಮೆತ್ತಗೆ ಬೇಯಿಸಿ, ನುಣ್ಣಗೆ ರುಬ್ಬಿ, ಜರಡಿಯಲ್ಲಿ ಸೋಸಬೇಕು. ಆಮೇಲೆ ಸಣ್ಣ ಉರಿಯಲ್ಲಿಟ್ಟು ಅರ್ಧ ಲೋಟ ಕಾಸಿದ ಹಾಲು ಬೆರೆಸಿ, ಕೈ ಬಿಡದೆ ಕಲಕಬೇಕು. ಹಾಲು ಹಾಕಿದ ಮೇಲೆ ಜೋರಾಗಿ ಕುದಿಸಿದರೆ ಒಡೆದುಹೋಗುತ್ತದೆ. ಕಲಕದೆ ಬಿಟ್ಟರೆ ತಳ ಹಿಡಿಯುತ್ತದೆ. ಕೊನೆಗೆ ನುಣ್ಣನೆಯ ಮೆಣಸು-ಜೀರಿಗೆ ಪುಡಿ, ಒಂದು ಚಮಚ ತುಪ್ಪ. ಚಳಿಯ ಬೆಳಗಿನಲ್ಲಿ ಆ ಘಮಲು ಮನೆ ತುಂಬುತ್ತದೆ.

ಮನೆ ತುಂಬಿತು, ನನ್ನ ಮನಸ್ಸು ತುಂಬಲಿಲ್ಲ. ಕಲಕುತ್ತ ನಿಂತಾಗ ನೆನಪಾದದ್ದು ಮೂವತ್ತೊಂದು ವರ್ಷದ ಹಿಂದಿನ ಇಂಥದೇ ಒಂದು ಚಳಿಯ ರಾತ್ರಿ. ನನ್ನ ಹೆತ್ತ ತಾಯಿ ಆಗಲೇ ತೀರಿಕೊಂಡಿದ್ದರು, ಬಾಣಂತನಕ್ಕೆ ತವರಿರಲಿಲ್ಲ. ಮಗುವಿಗೆ ಹನ್ನೆರಡು ದಿನ. ರಾತ್ರಿ ಹತ್ತರ ಹೊತ್ತಿಗೆ ಹೊಟ್ಟೆ ಹಸಿದು, 'ಅತ್ತೆ, ಒಂಚೂರು ಬಿಸಿ ಸಾರಿದ್ರೆ ಕೊಡ್ತೀರಾ?' ಎಂದು ಕೇಳಿದೆ. 'ಒಲೆ ಆರಿಸಾಯ್ತು, ನೀರು ಕುಡಿದು ಮಲಗು' ಎಂದರು. ಅಷ್ಟೇ. ದೊಡ್ಡ ಜಗಳವಿಲ್ಲ, ಬೈಗುಳವಿಲ್ಲ. ಆದರೆ ಆ ಎರಡು ಮಾತು ನನ್ನೊಳಗೆ ಮೂವತ್ತೊಂದು ವರ್ಷ ಆರಲಿಲ್ಲ. ಈಗ ಒಲೆ ನನ್ನ ಕೈಯಲ್ಲಿತ್ತು, ಹಸಿವು ಅವರದಾಗಿತ್ತು.

ಸೂಪು ಕೊಟ್ಟೆ. ದಿನವೂ ಕೊಟ್ಟೆ. ಬಂಧುಬಳಗದವರು, 'ಎಂಥಾ ಸೊಸೆ!' ಎಂದು ಹೊಗಳಿದರು. ಪ್ರತಿ ಹೊಗಳಿಕೆಯೂ ಚುಚ್ಚಿತು, ಏಕೆಂದರೆ ನನ್ನೊಳಗೆ ಪ್ರೀತಿ ಇರಲಿಲ್ಲ. ಕ್ರಿಸ್ತಜಯಂತಿಗೆ ಮೊದಲು ಪಾಪನಿವೇದನೆಗೆ ಹೋದಾಗ ಅದನ್ನೇ ಹೇಳಿಕೊಂಡೆ: 'ಸ್ವಾಮಿ, ಮನಸ್ಸಿನಲ್ಲಿ ಕಹಿ ಇಟ್ಟುಕೊಂಡು ಸೇವೆ ಮಾಡುತ್ತಿದ್ದೇನೆ, ನಾನು ಕಪಟಿ.' ವಯಸ್ಸಾದ ಆ ಗುರುಗಳು ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದರು: 'ಅಮ್ಮಾ, ಇವತ್ತು ಅವರಿಗೆ ಸೂಪು ಕೊಟ್ಟಿರಾ?' 'ಕೊಟ್ಟೆ ಸ್ವಾಮಿ.' 'ಬಿಸಿಯಾಗಿತ್ತೇ?' 'ಬಿಸಿಯಾಗಿತ್ತು.' 'ಹಾಗಾದರೆ ನಾಳೆಯೂ ಕೊಡಿ. ಕಹಿಯನ್ನು ದೇವರಿಗೆ ಒಪ್ಪಿಸಿ, ಸೂಪನ್ನು ಅತ್ತೆಗೆ ಕೊಡಿ.'

ಆ ಮಾತನ್ನು ಮನೆಗೆ ತಂದು ಬಹಳ ದಿನ ಯೋಚಿಸಿದೆ. ಅದು ಸುಲಭವಾಗಿ ಒಪ್ಪುವಂಥದ್ದಲ್ಲ. ಸಂತ ಪೌಲರು ಕೊರಿಂಥದವರಿಗೆ ಬರೆದ ಮೊದಲನೆಯ ಪತ್ರದ 13ನೆಯ ಅಧ್ಯಾಯದಲ್ಲಿ, ಇದ್ದದ್ದನ್ನೆಲ್ಲ ದಾನ ಮಾಡಿದರೂ ಪ್ರೀತಿಯಿಲ್ಲದಿದ್ದರೆ ಪ್ರಯೋಜನವಿಲ್ಲ ಎಂದು ಖಂಡಿತವಾಗಿ ತಿಳಿಸುತ್ತಾರೆ. ಹಾಗಾದರೆ ನನ್ನ ಸೂಪು ವ್ಯರ್ಥವೇ? ಅದೇ ಅಧ್ಯಾಯವನ್ನು ಮುಂದಕ್ಕೆ ಓದಿದಾಗ ಒಂದು ವಿಷಯ ಹೊಳೆಯಿತು. ಪ್ರೀತಿ ಎಂದರೇನೆಂದು ವಿವರಿಸುವಾಗ ಅವರು ಎದೆ ಉಕ್ಕುವುದನ್ನು, ಕಣ್ಣು ತುಂಬುವುದನ್ನು ಹೇಳುವುದಿಲ್ಲ. ತಾಳ್ಮೆ, ದಯೆ, ಸಿಡುಕದಿರುವುದು, ಕೆಡುಕಿನ ಲೆಕ್ಕ ಇಡದಿರುವುದು, ಇವುಗಳನ್ನು ಹೇಳುತ್ತಾರೆ. ಇವೆಲ್ಲ ನಡತೆಗೆ ಸೇರಿದವು, ನಿರ್ಧಾರಕ್ಕೆ ಸೇರಿದವು. ಸಂತ ಥಾಮಸ್ ಅಕ್ವಿನಾಸರೂ ಪ್ರೀತಿಯ ತಿರುಳನ್ನು ಇನ್ನೊಬ್ಬರಿಗೆ ಒಳಿತನ್ನು ಬಯಸುವುದರಲ್ಲೇ ಕಂಡರು. ಬಯಸುವುದೆಂದರೆ ಇಲ್ಲಿ ಆಸೆಪಡುವುದಲ್ಲ, ಸಂಕಲ್ಪ ಮಾಡುವುದು. ಭಾವನೆ ಹವೆಯಂತೆ, ನಮ್ಮ ಕೈಯಲ್ಲಿಲ್ಲ. ಸಂಕಲ್ಪ ಒಲೆಯಂತೆ, ಹಚ್ಚುವುದು ನಮ್ಮ ಕೈಯಲ್ಲಿದೆ. ಗೆತ್ಸೆಮನೆಯ ತೋಪಿನಲ್ಲಿ ನಮ್ಮ ಪ್ರಭುವೇ ಆ ಕಹಿಪಾತ್ರೆ ತಮ್ಮಿಂದ ದೂರವಾಗಲೆಂದು ಬೇಡಿಕೊಂಡರು. ಆದರೂ ಪಿತನ ಚಿತ್ತಕ್ಕೆ ತಲೆಬಾಗಿದರು. ಅದನ್ನು ಯಾರಾದರೂ ಬೂಟಾಟಿಕೆ ಎಂದಾರೇ?

ಬಾಲಯೇಸುವಿನ ಸಂತ ತೆರೇಸಾ ತಮ್ಮ ಆತ್ಮಕಥೆಯಲ್ಲಿ ಇಂಥದೇ ಒಂದು ಅನುಭವವನ್ನು ಹೇಳಿಕೊಂಡಿದ್ದಾರೆ. ಅವರು ಲಿಸಿಯೂ ನಗರದ ಕಾರ್ಮೆಲ್ ಮಠದಲ್ಲಿ ಎಳೆಯ ಕನ್ಯಾಸ್ತ್ರೀಯಾಗಿದ್ದಾಗ, ಅಲ್ಲಿ ಕಾಯಿಲೆಯ ಒಬ್ಬ ವೃದ್ಧ ಸೋದರಿ ಇದ್ದರು. ಸಂಜೆ ಪ್ರಾರ್ಥನೆಯಿಂದ ಊಟದ ಮನೆಗೆ ಅವರನ್ನು ಹಿಡಿದು ನಡೆಸಬೇಕಿತ್ತು. ಬೇಗ ನಡೆದರೆ ಬೀಳಿಸುತ್ತೀಯ ಎನ್ನುವರು, ನಿಧಾನ ಮಾಡಿದರೆ ಕೈಬಿಟ್ಟೆಯಾ ಎನ್ನುವರು. ಅವರನ್ನು ಮೆಚ್ಚಿಸುವುದು ಕಷ್ಟವೆಂದು ತಿಳಿದಿದ್ದರಿಂದ ಈ ಕೆಲಸಕ್ಕೆ ಮುಂದಾಗಲು ಮೊದಲು ಮನಸ್ಸಾಗಲಿಲ್ಲ ಎಂದು ತೆರೇಸಾ ಮುಚ್ಚುಮರೆಯಿಲ್ಲದೆ ಬರೆಯುತ್ತಾರೆ. ಆದರೂ ಮುಂದಾದರು. ಆ ಸೋದರಿಗೆ ರೊಟ್ಟಿ ಕತ್ತರಿಸಲು ಆಗುತ್ತಿಲ್ಲವೆಂದು ಕಂಡು, ಯಾರೂ ಹೇಳದೆಯೇ ಅದನ್ನೂ ಮಾಡಿಕೊಟ್ಟರು. ಹೊರಡುವ ಮೊದಲು ಒಂದು ನಗು ಬೀರಿ ಹೋಗುತ್ತಿದ್ದರು. 1897ರಲ್ಲಿ, 24ನೆಯ ವಯಸ್ಸಿನಲ್ಲಿ ತೀರಿಕೊಂಡ ಈ ಸಂತರನ್ನು ಸರಿಯಾಗಿ ನೂರು ವರ್ಷದ ನಂತರ, 1997ರಲ್ಲಿ, ಜಗದ್ಗುರು ಎರಡನೆಯ ಜಾನ್ ಪಾಲ್ ಧರ್ಮಸಭೆಯ ಪಂಡಿತರೆಂದು ಸಾರಿದರು. ಅವರ ಪಾಂಡಿತ್ಯದಲ್ಲಿ ಆ ರೊಟ್ಟಿಯ ತುಂಡಿಗೂ ಪಾಲಿದೆ ಎಂದು ನನಗನ್ನಿಸುತ್ತದೆ.

ಆದರೆ ಇಲ್ಲಿ ಎರಡು ಎಚ್ಚರಿಕೆ ಬೇಕು. ಮೊದಲನೆಯದು ನನಗೇ ಸೇರಿದ್ದು. ಮನಸ್ಸಿಲ್ಲದಿದ್ದರೂ ಕೊಟ್ಟರೆ ಸಾಕು ಎಂದು ಬಟ್ಟಲನ್ನು ಕುಕ್ಕಿ ಇಟ್ಟರೆ, ಮುಖ ತಿರುಗಿಸಿಕೊಂಡು ಚಮಚ ತುರುಕಿದರೆ, ಹಾಸಿಗೆ ಹಿಡಿದವರಿಗೆ ಅದು ತಿಳಿಯದೇ? ಅವರಿಗೆ ಬೇರೆ ಕೆಲಸವಿಲ್ಲ, ನಮ್ಮ ಮುಖವನ್ನೇ ಓದುತ್ತಿರುತ್ತಾರೆ. ಸಂಕಲ್ಪ ಒಲೆಯವರೆಗೆ ಬಂದು ನಿಲ್ಲಬಾರದು, ಕೈಗೂ ಕಣ್ಣಿಗೂ ಬರಬೇಕು. ಎರಡನೆಯದು ಮನೆಯವರಿಗೆ ಸೇರಿದ್ದು. ಒಬ್ಬ ಹೆಂಗಸು ಬೆಳಗಿನಿಂದ ರಾತ್ರಿಯವರೆಗೆ ದುಡಿಯುತ್ತಿರುವಾಗ ಉಳಿದವರು ಟಿ.ವಿ. ಮುಂದೆ ಕುಳಿತು ಅದಕ್ಕೆ 'ತ್ಯಾಗ' ಎಂದು ಹೆಸರಿಟ್ಟರೆ, ಅದು ಆಕೆಯ ಪುಣ್ಯವಾಗಬಹುದು, ಅವರ ಪುಣ್ಯವಲ್ಲ. ಅವರೆಕಾಳು ಹಿದುಕಲು ಹತ್ತು ಬೆರಳಿದ್ದರೆ ಸಾಕು. ಅದು ಗಂಡಸರಿಗೂ ಇದೆ, ಮಕ್ಕಳಿಗೂ ಇದೆ. ನಮ್ಮ ಮನೆಯಲ್ಲಿ ಇದನ್ನು ಬಾಯಿಬಿಟ್ಟು ಹೇಳಲು ನನಗೆ ಮೂರು ವಾರ ಬೇಕಾಯಿತು. ಹೇಳಿದ ದಿನದಿಂದ ಯಜಮಾನರು ಜಪಸರದ ನಂತರ ಬೋಗುಣಿ ಮುಂದಿಟ್ಟುಕೊಂಡು ಕುಳಿತರು. ನನ್ನೊಳಗಿನ ಕಹಿಯಲ್ಲಿ ಅರ್ಧದಷ್ಟು ಬರೀ ಆಯಾಸವಾಗಿತ್ತೆಂದು ಆಮೇಲೆ ಗೊತ್ತಾಯಿತು.

ಉಳಿದರ್ಧ ಹಾಗೆ ಹೋಗಲಿಲ್ಲ. ನಾನು ಒಳಗೊಳಗೇ ಒಂದು ಬೆಲೆಗಾಗಿ ಕಾಯುತ್ತಿದ್ದೆ. ಅತ್ತೆ ಒಂದು ಸಲ, ಒಂದೇ ಸಲ, 'ಅವತ್ತು ಹಾಗೆ ಅಂದದ್ದು ತಪ್ಪಾಯ್ತು' ಅನ್ನಲಿ ಎಂದು. ಆದಿಕಾಂಡದ 25ನೆಯ ಅಧ್ಯಾಯದಲ್ಲಿ ಯಕೋಬನೂ ಬೇಳೆಯ ಸಾರು ಮಾಡಿದ್ದ. ಹಸಿದು ಬಂದ ಅಣ್ಣ ಏಸಾವನಿಗೆ ಅದನ್ನು ಕೊಟ್ಟ, ಆದರೆ ಮೊದಲು ಅವನ ಚೊಚ್ಚಲುತನದ ಹಕ್ಕನ್ನು ಬರೆಸಿಕೊಂಡಂತೆ ಆಣೆ ಮಾಡಿಸಿಕೊಂಡು ಕೊಟ್ಟ. ಹಸಿದವರ ಮುಂದೆ ಬಟ್ಟಲು ಹಿಡಿದು ಬೆಲೆ ಕೇಳುವುದು ಎಷ್ಟು ಸುಲಭ! ನನ್ನ ಸೂಪಿಗೂ ಒಂದು ಚೀಟಿ ಅಂಟಿತ್ತು.

ಅದಕ್ಕೆ ಎದುರಾಗಿ ಸಂತ ಯೊವಾನ್ನರ ಶುಭಸಂದೇಶದ ಕೊನೆಯ ಅಧ್ಯಾಯವನ್ನು ಇಟ್ಟು ನೋಡಿ. ಮೂರು ಸಲ ತಮ್ಮನ್ನು ಅರಿಯೆನೆಂದ ಪೇತ್ರನಿಗೆ ಪುನರುತ್ಥಾನಿ ಯೇಸು ದಡದಲ್ಲಿ ಕಾಣಿಸಿಕೊಂಡಾಗ ಅಲ್ಲಿ ಕೆಂಡವಿತ್ತು, ಮೀನಿತ್ತು, ರೊಟ್ಟಿಯಿತ್ತು. ರಾತ್ರಿಯೆಲ್ಲ ದುಡಿದು ಬಂದವರಿಗೆ ಅವರು ಮೊದಲು ಊಟ ಬಡಿಸಿದರು. 'ನನ್ನನ್ನು ಪ್ರೀತಿಸುತ್ತೀಯಾ?' ಎಂಬ ಪ್ರಶ್ನೆ ಬಂದದ್ದು ಊಟ ಮುಗಿದ ಮೇಲೆ. ಹಳೆಯ ಲೆಕ್ಕ ಇತ್ಯರ್ಥವಾಗುವವರೆಗೆ ಊಟವನ್ನು ತಡೆಹಿಡಿಯಲಿಲ್ಲ.

ಅತ್ತೆ ತಪ್ಪೊಪ್ಪಿಕೊಂಡರೇ ಎಂದು ನೀವು ಕೇಳಬಹುದು. ಇಲ್ಲ. ಆ ರಾತ್ರಿಯ ನೆನಪೇ ಅವರಿಗಿರಲಿಲ್ಲವೇನೋ. ಒಂದು ದಿನ ಪೂರ್ತಿ ಬಟ್ಟಲು ಮುಗಿಸಿ, ತುಟಿ ಒರೆಸುವಾಗ, 'ಉಪ್ಪು ಕಮ್ಮಿ' ಎಂದರು. ಮೊದಲಾಗಿದ್ದರೆ ಅದೂ ನೋಯುತ್ತಿತ್ತು. ಅವತ್ತು ನಗು ಬಂತು. 'ಡಾಕ್ಟ್ರು ಹೇಳಿದ್ದಾರಲ್ಲ ಅತ್ತೆ' ಎಂದೆ. ಅವರೂ ಅರ್ಧ ಬಾಯಿಯಲ್ಲಿ ನಕ್ಕರು. ಇಷ್ಟೇ ನಡೆದದ್ದು. ಪ್ರೀತಿ ಯಾವ ದಿನ ಬಂತು ಎಂದು ಕೇಳಿದರೆ ಹೇಳಲಾರೆ. ಆದರೆ ಚಮಚ ಮತ್ತು ಚಮಚದ ನಡುವೆ ಅವರ ಗಂಟಲನ್ನೇ ನೋಡುತ್ತ ಕಾಯುವಾಗ, ಯಾವಾಗಲೋ ನನ್ನ ಲೆಕ್ಕ ತಪ್ಪಿಹೋಗಿತ್ತು. ಮುಂದಿನ ಅವರೆಕಾಲಕ್ಕೆ ಅವರಿರಲಿಲ್ಲ.

ಆಗಮನ ಕಾಲವೆಂದರೆ ಕಾಯುವ ಕಾಲ. ಈ ಚಳಿಯಲ್ಲಿ ನಮ್ಮ ನಿಮ್ಮ ಮನೆಗಳಲ್ಲಿ ಬಿಸಿ ಬಟ್ಟಲಿಗಾಗಿ ಕಾಯುವವರು ಇದ್ದಾರೆ. ಅವರ ಮೇಲೆ ನಮಗೆ ಹಳೆಯ ಮುನಿಸೂ ಇದ್ದೀತು. ಮನಸ್ಸು ಸರಿಹೋಗಲಿ, ಆಮೇಲೆ ನೋಡೋಣ ಎಂದು ಒಲೆ ಆರಿಸಬೇಡಿ. ಮೊದಲು ಬಿಸಿಯಾಗಿ ಬಡಿಸಿ. ಮನಸ್ಸು ತಡವಾಗಿ ಬಂದರೂ ಬರಲಿ, ದೇವರು ಅದಕ್ಕಾಗಿ ಕಾಯುತ್ತಾರೆ.