ನೀರು ತಂದವರ ಲೆಕ್ಕ



ನಮ್ಮ ಸಕಲೇಶಪುರ, ಆಲೂರು ಬೆಟ್ಟಗಳ ಮಳೆ ಹೇಮಾವತಿಯಾಗಿ ಹರಿದು, ಕಾವೇರಿಯನ್ನು ಕೂಡಿಕೊಂಡು ಕನ್ನಂಬಾಡಿ ಕಟ್ಟೆಯನ್ನು ತುಂಬುತ್ತದೆ. ಆ ಕಟ್ಟೆಯ ಹೆಸರು ಹೇಳಿದೊಡನೆ ನೆನಪಾಗುವವರು ಸರ್ ಎಂ. ವಿಶ್ವೇಶ್ವರಯ್ಯನವರು. 1884ರಲ್ಲಿ ಮುಂಬಯಿ ಪ್ರಾಂತ್ಯದಲ್ಲಿ ಕೆಲಸಕ್ಕೆ ಸೇರಿದ ಅವರು 1909ರಲ್ಲಿ ಮೈಸೂರಿನ ಮುಖ್ಯ ಇಂಜಿನಿಯರ್ ಆದರು, 1912ರಲ್ಲಿ ದಿವಾನರಾದರು. 1911ರಲ್ಲಿ ಕಟ್ಟೆಯ ಕೆಲಸ ಪ್ರಾರಂಭವಾಯಿತು. ಮಂಡ್ಯದ ಒಣಭೂಮಿಯನ್ನು ಹಸಿರಾಗಿಸಿದ ನಾಲೆ ಇಂದು ಅವರ ಹೆಸರನ್ನೇ ಹೊತ್ತಿದೆ. ಸರ್ಕಾರದ ದೀಪ ಆರಿಸಿ, ಸ್ವಂತ ದೀಪ ಹಚ್ಚಿಕೊಂಡು ಸ್ವಂತ ಕೆಲಸ ಮಾಡುತ್ತಿದ್ದರೆಂಬ ಕಥೆ ಇಂದಿಗೂ ಜನರ ಬಾಯಲ್ಲಿದೆ.

ಆದರೆ ಇನ್ನೊಂದು ದನಿಯೂ ಇದೆ. ಹಳೆಯ ಕನ್ನಂಬಾಡಿ ಊರು ನೀರಿನಡಿ ಹೋಯಿತಲ್ಲ, ಅವರ ಹೆಸರು ಯಾರು ಹೇಳುತ್ತಾರೆ? ಕಲ್ಲು ಹೊತ್ತ ಕೂಲಿಗಳ ಹೆಸರೆಲ್ಲಿ? ಹಣ ಒದಗಿಸಿದ ನಾಲ್ವಡಿ ಕೃಷ್ಣರಾಜ ಒಡೆಯರಿಗೆ ಸಲ್ಲಬೇಕಾದ ಕೀರ್ತಿ ಸಂದಿದೆಯೇ? 1918ರಲ್ಲಿ ಮಹಾರಾಜರು ಹಿಂದುಳಿದ ಸಮುದಾಯಗಳಿಗೆ ಸರ್ಕಾರಿ ಹುದ್ದೆಗಳಲ್ಲಿ ಪಾಲು ಕೊಡುವ ವಿಚಾರಕ್ಕೆ ಮಿಲ್ಲರ್ ಸಮಿತಿ ನೇಮಿಸಿದಾಗ ದಿವಾನರು ಒಪ್ಪಲಿಲ್ಲ. ಅದೇ ವರ್ಷ ಹುದ್ದೆ ತೊರೆದರು. ಯೋಗ್ಯತೆಯೇ ಅಳತೆಯಾಗಬೇಕು, ಹಿಂದುಳಿದವರನ್ನು ಶಿಕ್ಷಣದಿಂದ ಮೇಲೆತ್ತಬೇಕು ಎಂಬುದು ಅವರ ನಿಲುವು. ತಲೆತಲಾಂತರದಿಂದ ಶಾಲೆಯ ಹೊಸ್ತಿಲು ತುಳಿಯದವನಿಗೆ ಆ ಮಾತು ಮುಚ್ಚಿದ ಬಾಗಿಲಿನಂತೆ ಕೇಳಿಸಿದ್ದರೆ ಆಶ್ಚರ್ಯವಿಲ್ಲ.

ಹಾಗಾದರೆ ಹಾರ ಹಾಕಬೇಕೋ, ಹಾರ ತೆಗೆಯಬೇಕೋ?

ಇದು ನಮ್ಮ ನಾಡಿನ ಪ್ರಶ್ನೆ ಮಾತ್ರವಲ್ಲ. ಫ್ರಾನ್ಸಿನ ಫರ್ಡಿನಾಂಡ್ ದ ಲೆಸೆಪ್ಸ್ 1869ರಲ್ಲಿ ಸೂಯೆಜ್ ಕಾಲುವೆ ತೆರೆದಾಗ ಲೋಕವೇ ಕೊಂಡಾಡಿತು. ಮೊದಲ ವರ್ಷಗಳಲ್ಲಿ ಆ ಮರಳನ್ನು ತೋಡಿದವರು ಬಲವಂತದ ದುಡಿಮೆಗೆ ಎಳೆತಂದ ಈಜಿಪ್ಟಿನ ರೈತರು. ಅದೇ ಲೆಸೆಪ್ಸ್ 1881ರಲ್ಲಿ ಪನಾಮಾದಲ್ಲಿ ಕೈಹಾಕಿದರು. ಮಲೇರಿಯಾ, ಹಳದಿ ಜ್ವರಗಳಿಂದ ಸಾವಿರಾರು ಕಾರ್ಮಿಕರು ಸತ್ತರು. 1889ರಲ್ಲಿ ಕಂಪನಿ ದಿವಾಳಿಯಾಗಿ ಸಣ್ಣಪುಟ್ಟ ಉಳಿತಾಯಗಾರರು ಬೀದಿಗೆ ಬಂದರು. 1893ರಲ್ಲಿ ನ್ಯಾಯಾಲಯ ಅವರಿಗೆ ಶಿಕ್ಷೆ ವಿಧಿಸಿತು. 1956ರಲ್ಲಿ ಪೋರ್ಟ್ ಸಯೀದಿನ ಅವರ ಪ್ರತಿಮೆಯನ್ನು ಉರುಳಿಸಲಾಯಿತು. ಗಮನಿಸಿ: ಗೆದ್ದಾಗ ಸತ್ತ ಕೂಲಿಗಳನ್ನು ಲೋಕ ಎಣಿಸಲಿಲ್ಲ, ಸೋತಾಗ ಎಣಿಸಿತು. ಗೆಲುವು ಸೋಲುಗಳೇ ಧರ್ಮಾಧರ್ಮದ ತಕ್ಕಡಿಯಾದರೆ ಸತ್ತವರಿಗೆ ನ್ಯಾಯವೆಲ್ಲಿ?

ಸಂತ ತೋಮಸ್ ಅಕ್ವೀನಾಸರು ಇಲ್ಲಿ ನಮಗೆ ನೆರವಾಗುತ್ತಾರೆ. ಒಂದು ಕಾರ್ಯ ಒಳ್ಳೆಯದೆನ್ನಬೇಕಾದರೆ ಮಾಡಿದ್ದು ಏನು, ಏಕೆ, ಯಾವ ಸಂದರ್ಭದಲ್ಲಿ ಎಂಬ ಮೂರನ್ನೂ ನೋಡಬೇಕೆನ್ನುತ್ತಾರೆ ಅವರು. ಉದ್ದೇಶ ಎಷ್ಟೇ ಒಳ್ಳೆಯದಿರಲಿ, ಅನ್ಯಾಯದ ದಾರಿಯನ್ನು ಅದು ಶುದ್ಧ ಮಾಡಲಾರದು. ಆದರೆ ಇಲ್ಲಿ ಇನ್ನೊಂದು ಎಚ್ಚರವೂ ಬೇಕು. ತೂಗುವುದು ಒಂದೊಂದು ಕಾರ್ಯವನ್ನೇ ಹೊರತು ಇಡೀ ಮನುಷ್ಯನನ್ನಲ್ಲ. ಮನುಷ್ಯನನ್ನು ತೂಗುವ ತಕ್ಕಡಿ ದೇವರ ಕೈಯಲ್ಲಿದೆ.

ಪವಿತ್ರ ಗ್ರಂಥ ಇದೇ ರೀತಿ ಲೆಕ್ಕ ಬರೆಯುತ್ತದೆ. ಅರಸ ಸೊಲೊಮೋನ ಜೆರುಸಲೇಮಿನ ದೇವಾಲಯ ಕಟ್ಟಿದ. ದೇವರ ಮಹಿಮೆ ಮೇಘವಾಗಿ ಅದನ್ನು ತುಂಬಿತು. ಆದರೆ ಮರ ತರಲು 30,000 ಮಂದಿಯನ್ನು ಬಿಟ್ಟಿ ದುಡಿಮೆಗೆ ಹಚ್ಚಿದ್ದನ್ನೂ ಅದೇ ಗ್ರಂಥ ಮರೆಮಾಚದೆ ಹೇಳುತ್ತದೆ. ಅವನು ಸತ್ತ ಮೇಲೆ ಜನ ಬಂದು, ನಿಮ್ಮ ತಂದೆ ಹೊರಿಸಿದ ನೊಗವನ್ನು ಹಗುರ ಮಾಡಿ ಎಂದು ಮಗ ರೆಹಬ್ಬಾಮನನ್ನು ಬೇಡಿದರು. ಅವನು ಕೇಳಲಿಲ್ಲ, ರಾಜ್ಯ ಒಡೆಯಿತು. ನೊಗ ಹೊರಿಸಿದವನು ತಂದೆ, ನಿಜ. ಇಳಿಸುವ ಅವಕಾಶವಿದ್ದೂ ಇಳಿಸದೆ ಹೋದದ್ದು ಮಗನ ಸ್ವಂತ ಪಾಪ.

ಈ ಮಾತು ನಮಗೆ ಹತ್ತಿರದ್ದು. ಫ್ರೆಂಚ್ ಮಿಷನರಿಗಳು 1860ರ ದಶಕದಲ್ಲಿ ಕಟ್ಟಿದ ಶೆಟ್ಟಿಹಳ್ಳಿಯ ದೇವಾಲಯವನ್ನು ನಾವೆಲ್ಲ ಬಲ್ಲೆವು. ಗೊರೂರಿನ ಹೇಮಾವತಿ ಜಲಾಶಯ 1979ರಲ್ಲಿ ಪೂರ್ಣಗೊಂಡಿತು. ಅಲ್ಲಿಂದ ಪ್ರತಿ ಮಳೆಗಾಲ ಆ ಗೋಡೆಗಳು ನೀರಿನಲ್ಲಿ ನಿಲ್ಲುತ್ತವೆ. ಪ್ರವಾಸಿಗರು ಫೋಟೋ ತೆಗೆಯುತ್ತಾರೆ. ಅಲ್ಲಿ ದೀಕ್ಷಾಸ್ನಾನ ಪಡೆದವರು ಊರು ಬಿಟ್ಟು ಹೋದದ್ದನ್ನು ಕೇಳುವವರು ಕಡಿಮೆ. ಆ ನೀರು ತುಮಕೂರಿನ ತನಕ ಹೊಲಗಳನ್ನೂ ಬಾಯಾರಿದವರನ್ನೂ ತಣಿಸುತ್ತಿದೆ, ಅದೂ ಸುಳ್ಳಲ್ಲ. ಸಕಲೇಶಪುರದ ಹಳ್ಳಗಳ ನೀರೆತ್ತುವ ಎತ್ತಿನಹೊಳೆ ಯೋಜನೆಯ ಮೊದಲ ಹಂತ 2024ರ ಸೆಪ್ಟೆಂಬರಿನಲ್ಲಿ ಉದ್ಘಾಟನೆಯಾಯಿತು. ನೀರು ಕುಡಿಯುವವನು ಪಾಪಿಯಲ್ಲ. ಆದರೆ ಅವನು ಸಾಲಗಾರ.

ನಮ್ಮ ಮನೆಗಳಲ್ಲೂ ಇಂಥ ಒಬ್ಬ ಅಜ್ಜ ಇರುತ್ತಾನೆ. ಜಿಗಣೆ, ಜ್ವರ ಲೆಕ್ಕಿಸದೆ ಕಾಡು ಕಡಿದು ಕಾಫಿ ಗಿಡ ಇಟ್ಟ. ಇಂದು ಮೂರು ತಲೆಮಾರು ಉಣ್ಣುತ್ತಿದೆ. ತಂಗಿಯ ಪಾಲನ್ನು ಕಾಗದದಲ್ಲಿ ಅಳಿಸಿದವನೂ ಅವನೇ, ಆಳಿನ ಕೂಲಿ ತಡೆದವನೂ ಅವನೇ ಆಗಿರಬಹುದು. ಮಕ್ಕಳು ಸಾಮಾನ್ಯವಾಗಿ ಎರಡರಲ್ಲಿ ಒಂದು ಮಾಡುತ್ತಾರೆ: ಫೋಟೋಕ್ಕೆ ಹಾರ ಹಾಕಿ ಬಾಯಿ ಮುಚ್ಚಿಕೊಳ್ಳುತ್ತಾರೆ, ಇಲ್ಲವೇ ಅಜ್ಜನನ್ನು ಬೈದು ತೋಟವನ್ನು ಮಾತ್ರ ಇಟ್ಟುಕೊಳ್ಳುತ್ತಾರೆ. ಎರಡೂ ಸುಲಭ, ಏಕೆಂದರೆ ಎರಡರಲ್ಲೂ ಕೈಯಿಂದ ಏನೂ ಬಿಚ್ಚಬೇಕಾಗಿಲ್ಲ.

ಜಕ್ಕಾಯ ಮೂರನೆಯ ದಾರಿ ತೋರಿಸಿದ. ಯೇಸುಸ್ವಾಮಿ ಮನೆಗೆ ಬಂದಾಗ ಅವನು ಅತ್ತು ಸುಮ್ಮನಾಗಲಿಲ್ಲ. ಅರ್ಧ ಆಸ್ತಿ ಬಡವರಿಗೆ, ಮೋಸಹೋದವನಿಗೆ ನಾಲ್ಕರಷ್ಟು ಎಂದ. ರಕ್ಷಣೆ ಆ ಮನೆಗೆ ಅಂದೇ ಬಂತು.

ಆದ್ದರಿಂದ ಹಿರಿಯರಿಗೆ ಕೃತಜ್ಞರಾಗೋಣ, ಆದರೆ ಕಣ್ಣು ಮುಚ್ಚಿ ಅಲ್ಲ. ಮುಂದಿನ ಸಾರಿ ಕುಟುಂಬದ ಪ್ರಾರ್ಥನೆಯಲ್ಲಿ ಅಗಲಿದವರನ್ನು ನೆನೆಯುವಾಗ, ಅವರು ತೀರಿಸದೆ ಬಿಟ್ಟ ಸಾಲ ಯಾರಿಗಾದರೂ ಇದೆಯೇ ಎಂದು ಒಬ್ಬರನ್ನೊಬ್ಬರು ಕೇಳಿಕೊಳ್ಳಿ. ಇದ್ದರೆ ತೀರಿಸಿ. ಅಜ್ಜನ ಆತ್ಮಕ್ಕೆ ಬಲಿಪೂಜೆ ಹೇಳಿಸುವುದರ ಜೊತೆಗೆ ಅತ್ತೆಯ ಪಾಲನ್ನೂ ಕೊಟ್ಟುಬಿಡಿ.