ಗದುಗಿನ ಕಂಬ, ಯಾಸ್ಕನ ಕಂಬ

ಅರ್ಥವಾಗದ ಓದಿಗೆ ಫಲವುಂಟೆ? ಇದು ಹಳೆಯ ವ್ಯಾಜ್ಯ. ವೇದ ಬಾಯಿಪಾಠ ಮಾಡಿಯೂ ಅರ್ಥ ಅರಿಯದವನು ಹೊರೆ ಹೊತ್ತ ಕಂಬವೆಂದು ಯಾಸ್ಕನ ನಿರುಕ್ತ ಮೂದಲಿಸುತ್ತದೆ. ಇತ್ತ ನಮ್ಮ ಹಳ್ಳಿಗಳಲ್ಲಿ ಮಳೆ ಕೈಕೊಟ್ಟರೆ ವಿರಾಟಪರ್ವ ಓದಿಸುತ್ತಾರೆ. ಮೋಡ ಅರ್ಥ ತಿಳಿದು ಸುರಿಯುತ್ತದೆಂದು ಯಾರೂ ಹೇಳುವುದಿಲ್ಲ. ಓದಿದ ದನಿಗೇ ಫಲವಿದೆ ಎಂಬ ನಂಬಿಕೆ ಅದು.

ಗದುಗಿನ ನಮ್ಮ ಮನೆಯಲ್ಲಿ ಈ ವ್ಯಾಜ್ಯ ಎದ್ದದ್ದು ಮೂರನೇ ಇಯತ್ತೆಯ ಮೊಮ್ಮಗಳ ದೆಸೆಯಿಂದ. ರಾತ್ರಿ ಊಟವಾದ ಮೇಲೆ ಅವಳೂ ನಾನೂ ಕುಮಾರವ್ಯಾಸನ ಉತ್ತರಕುಮಾರನ ಪ್ರಸಂಗ ಹಿಡಿದು ಕೂರುತ್ತೇವೆ. ಭಾಮಿನಿ ಷಟ್ಪದಿಯ ನಡೆ ಮೂರು, ನಾಲ್ಕು, ಮೂರು, ನಾಲ್ಕು ಮಾತ್ರೆ. ಪ್ರತಿ ಗಣದ ಮೊದಲಿಗೆ ಒಂದು ಚಪ್ಪಾಳೆ. ದೀರ್ಘಕ್ಕೆ ಎರಡು ಮಾತ್ರೆ, ಒತ್ತಕ್ಷರದ ಹಿಂದಿನದಕ್ಕೂ ಎರಡು. ಒತ್ತು ನುಂಗಿದರೆ ಚಪ್ಪಾಳೆ ಎಡವುತ್ತದೆ. ಹುಡುಗಿ ತಾನೇ ನಕ್ಕು ಹಿಂದಕ್ಕೆ ಹೋಗಿ ಅಕ್ಷರ ದಿಟ್ಟಿಸುತ್ತಾಳೆ. ನಾನು ತಿದ್ದುವ ಪ್ರಮೇಯವೇ ಬರುವುದಿಲ್ಲ.

"ಅರ್ಥ ಗೊತ್ತಿಲ್ದ ಓದಿದ್ರ ಏನ್ ಬಂತ್ರೀ ಮಾವಾರ?" ಎಂದಳು ಸೊಸೆ. ನ್ಯಾಯವಾದ ಪ್ರಶ್ನೆ. ಇದಕ್ಕೆ ಉತ್ತರ ಗಮಕದಲ್ಲೇ ಇದೆ. ಅಲ್ಲಿ ಓದುವವರೊಬ್ಬರು, ವ್ಯಾಖ್ಯಾನ ಹೇಳುವವರು ಇನ್ನೊಬ್ಬರು. ದನಿಯನ್ನೂ ಅರ್ಥವನ್ನೂ ಒಬ್ಬರ ಹೆಗಲಿಗೇ ಹೇರದೆ ಇಬ್ಬರನ್ನು ಪಕ್ಕಪಕ್ಕ ಕೂರಿಸಿದ ಕಲೆ ಅದು.

ಹಾಗಾಗಿ ಮೊದಲು ಅವಳು ಗಮಕಿ, ನಾನು ವ್ಯಾಖ್ಯಾನಕಾರ. ಬೇಕೆಂದೇ ತಪ್ಪು ಹೇಳುತ್ತೇನೆ: "ಕೌರವರ ದಂಡು ಕಂಡದ್ದೇ ಉತ್ತರಕುಮಾರ ರಥದಾಗ ನಿದ್ದಿ ಹೊಡದ." "ಇಲ್ಲಜ್ಜಾ, ಜಿಗದು ಓಡಿ ಹೋದ!" ಎಂದು ಸಾಲಿನ ಮೇಲೆ ಬೆರಳಿಟ್ಟು ಸಾಕ್ಷಿ ತೋರಿಸುತ್ತಾಳೆ. ಮರುದಿನ ಪಾತ್ರ ಅದಲುಬದಲು. ವ್ಯಾಖ್ಯಾನ ಹೇಳಬೇಕಾದವಳು ಅರ್ಥ ಕೇಳದೆ ಬಿಡುತ್ತಾಳೆಯೇ? ಬೃಹನ್ನಳೆ ಅರ್ಜುನನೇ ಆಗಿದ್ದರೆ ಅವನಿಗೆ ಸುಳ್ಳು ಹೇಳಿದ ಪಾಪ ಬರಲಿಲ್ಲವೇ ಎಂದು ಒಮ್ಮೆ ಕೇಳಿದಳು. ಧರ್ಮಜಿಜ್ಞಾಸೆ ಹೀಗೂ ಶುರುವಾಗುತ್ತದೆ.

ವೀರನಾರಾಯಣನ ಗುಡಿಯಲ್ಲಿ ಕುಮಾರವ್ಯಾಸ ಒರಗಿ ಕೂತು ಭಾರತ ಬರೆದನೆನ್ನುವ ಕಂಬವಿದೆ. ಅದನ್ನು ತೋರಿಸಿದಾಗ ಅವಳ ಅನುಮಾನ: "ಹಂಗಾರ ಕಂಬಕ್ಕೂ ಭಾರತ ಬಾಯಿಪಾಠ ಬರತೈತೇನಜ್ಜಾ?" ಯಾಸ್ಕನಿಗೆ ಕೇಳಬೇಕಾದ ಪ್ರಶ್ನೆ!

ಯಾಸ್ಕನ ಮಾತು ಸುಳ್ಳಲ್ಲ. ಆದರೆ ಅದು ಓದು ಮುಗಿಸಿದೆನೆಂದು ಎದ್ದವನಿಗೆ ಅನ್ವಯಿಸಬೇಕು, ಈಗಷ್ಟೇ ಕೂತ ಮಗುವಿಗಲ್ಲ. ಸಾಲಿಗೊಮ್ಮೆ "ಅರ್ಥ ಹೇಳು" ಎಂದು ಗದರಿಸಿದರೆ ಮಗು ಪುಸ್ತಕವನ್ನೇ ಮುಚ್ಚುತ್ತದೆ; ಒಂಟಿಯಾಗಿ ಓದಲು ಬಿಟ್ಟರೆ ಹೊರೆ ಹೊರುತ್ತದೆ. ತಂದೆತಾಯಿ ಮಾಡಬೇಕಾದದ್ದು ಇಷ್ಟೇ: ವ್ಯಾಖ್ಯಾನಕಾರನ ಜಾಗದಲ್ಲಿ ಹೋಗಿ ಕೂರುವುದು, ಕೇಳಿದಾಗ ಆ ಜಾಗವನ್ನು ಮಗುವಿಗೇ ಬಿಟ್ಟುಕೊಡುವುದು.